ಮೂರನೆಯ ಬಾಯಿ

"ಅವಳ ಮುಂದೆ ಬಾಯಿ ಬಿಡಬೇಡಿ, ಬಿಟ್ಟರೆ ಚೀಟಿಗೆ ಹೋಗ್ತೀರಿ" ಎಂದು ಆ ಬೀದಿಯವರು ಹೇಳುತ್ತಿದ್ದರು.

ಮೂಲೆಮನೆಯಾಕೆಯ ಪ್ರಕಾರ ಅವಳು ತೆರಿಗೆಯವರ ಕಡೆಯ ಗೂಢಚಾರಿಣಿ. ಇಸ್ತ್ರಿ ಅಂಗಡಿಯವನ ಪ್ರಕಾರ ಟಿವಿ ಧಾರಾವಾಹಿಗೆ ಮಾತು ಕದ್ದು ಮಾರುವವಳು. "ಮೊನ್ನೆ ನೋಡ್ದೆ ರೀ, ಅದರಲ್ಲಿ ಬರೋ ಅತ್ತೆ ಥೇಟ್ ನಮ್ಮತ್ತೆ ಹಾಗೇ ಬೈತಿತ್ತು. ನಮ್ಮನೇಲಿ ಬಿಟ್ರೆ ಇನ್ನೆಲ್ಲಿ ಸಿಗುತ್ತೆ ಆ ಬೈಗುಳ?" ಎಂದು ಅವನು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಪ್ರಮಾಣ ಮಾಡುತ್ತಿದ್ದ. ಎದುರುಮನೆಯ ಮುದುಕಪ್ಪ ಮಾತ್ರ ತಲೆಯಾಡಿಸುತ್ತಿದ್ದ. "ಅಂಥದ್ದೇನಿಲ್ಲಪ್ಪ. ದೇವರು ಅವಳ ತಲೆಗೆ ಎರಡು ಕಿವಿ ಇಟ್ಟ, ಸಾಲದು ಅಂತ ಕಾಲಿಗೂ ಒಂದೊಂದು ಇಟ್ಟ. ಅದಕ್ಕೇ ಮಾತು ಕೇಳಿದ ಕಡೆಗೆಲ್ಲ ಕಾಲು ಓಡುತ್ತೆ."

ಹಾಗೆ ಅವಳಿಗೆ ಕಿವಿಯಮ್ಮ ಎಂಬ ಹೆಸರು ಬಿತ್ತು. ಬಿದ್ದ ಹೆಸರು ಎದ್ದು ಹೋಗಲಿಲ್ಲ.

ಅವಳು ಕೂತಲ್ಲಿ ಕೂರುವವಳಲ್ಲ ಎಂಬುದಂತೂ ನಿಜ. ಹಾಲು ಒಲೆಯ ಮೇಲಿಟ್ಟು ಕಿಟಕಿಗೆ ಹೋಗುವಳು, ಬೀದಿಯಲ್ಲಿ ಯಾರೋ ಏನೋ ಅಂದರು ಎಂದು ಬಾಗಿಲಿಗೆ ಹೋಗುವಳು, ಅಲ್ಲಿಂದ ಮೂಲೆಯ ತನಕ ಅವರ ಹಿಂದೆಯೇ ಹೋಗುವಳು. ಅಷ್ಟರಲ್ಲಿ ಹಾಲು ತನ್ನ ದಾರಿ ತಾನು ನೋಡಿಕೊಂಡಿರುತ್ತಿತ್ತು. ಬಸ್ಸಿನಲ್ಲಿ ಇಬ್ಬರ ಮಾತು ಕೇಳುತ್ತ ಕೇಳುತ್ತ ತಾನು ಇಳಿಯುವ ಸ್ಟಾಪು ದಾಟಿ, ಅವರು ಇಳಿದಲ್ಲೇ ತಾನೂ ಇಳಿದು, ಮೈಲಿ ದೂರ ನಡೆದು ಮನೆಗೆ ಬಂದ ದಿನಗಳಿಗೆ ಲೆಕ್ಕವಿಲ್ಲ. ರವಿಕೆಯೊಳಗೆ ಒಂದು ಮೋಟು ಪೆನ್ಸಿಲು, ಚೀಲದಲ್ಲಿ ಅಂಗೈಯಗಲದ ಚೀಟಿಗಳ ಕಟ್ಟು. ಬರೆದುಕೊಳ್ಳುವಾಗ ಗೋಡೆಗೋ ಕಂಬಕ್ಕೋ ಚೀಟಿ ಒತ್ತಿ ಹಿಡಿದು ಬರೆಯುತ್ತಿದ್ದಳು.

ಅದು ಅವಳ ಕೆಲಸವಾಗಿತ್ತು. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಂದು ನಿಘಂಟು ಕಚೇರಿ ಇತ್ತು. ಮಾಮೂಲಿ ನಿಘಂಟಲ್ಲ. ಇಂಗ್ಲಿಷಿನಿಂದ ಬಂದು ನಮ್ಮ ಬಾಯಲ್ಲಿ ಮನೆ ಮಾಡಿಕೊಂಡ ಶಬ್ದಗಳು ಇಲ್ಲಿ ಹೇಗೆ ಬದುಕುತ್ತಿವೆ ಎಂದು ತಿಳಿಸುವ ನಿಘಂಟು. ಬಂದ ಅಳಿಯ ಮನೆಮಗನಾದ ಮೇಲೆ ಅವನ ನಡೆನುಡಿ ಹುಟ್ಟಿದ ಮನೆಯದಾಗಿ ಉಳಿಯುವುದಿಲ್ಲವಲ್ಲ, ಹಾಗೆ. ಆರು ಜನರ ಕಚೇರಿ. ಕಿವಿಯಮ್ಮ ಟೈಪಿಸ್ಟಾಗಿ ಸೇರಿದವಳು. ಶಬ್ದಗಳನ್ನು ಹಂಚುವ ದಿನ ಹಿರಿಯ ಸಂಪಾದಕರು ಕನ್ನಡಕದ ಮೇಲಿಂದ ಅವಳನ್ನು ನೋಡಿ, "ನಿಮಗೂ ಒಂದು ಇರಲಿ. 'ಸೆಟ್' ತಗೊಳ್ಳಿ. ಪುಟ್ಟ ಶಬ್ದ, ಹಗುರವಾಗಿರುತ್ತೆ" ಎಂದರು. ಪಕ್ಕದ ಮೇಜಿನ ಉದ್ದಣ್ಣ ಕೆಮ್ಮಿದ. ಅವನು ಆರೂಕಾಲು ಅಡಿಯ ಮನುಷ್ಯ, ನಗು ಬಂದರೆ ಕೆಮ್ಮುತ್ತಿದ್ದ. "ಹಗುರ ಅಂತ ಎತ್ಕೋಬೇಡಿ ಅಕ್ಕ, ಸೊಂಟ ಹಿಡ್ಕೊಳುತ್ತೆ" ಎಂದು ಮೆಲ್ಲಗೆ ಹೇಳಿದ.

ಹಿಡಿದುಕೊಂಡದ್ದು ಸೊಂಟವಲ್ಲ, ಹನ್ನೊಂದು ವರ್ಷ.

ಅಷ್ಟು ವರ್ಷ ಆ ಶಬ್ದ ಅವಳನ್ನು ಊರೆಲ್ಲ ಅಲೆಸಿತು. ಮೊಸರು ಸೆಟ್ ಆಗುತ್ತಿತ್ತು, ಮುರಿದ ಮೂಳೆ ಸೆಟ್ ಆಗುತ್ತಿತ್ತು, ಹೊಸ ಚಪ್ಪಲಿ ಕಚ್ಚುವುದು ಬಿಟ್ಟು ಸೆಟ್ ಆಗುತ್ತಿತ್ತು. ಆರು ಲೋಟ ಒಂದೇ ಬಣ್ಣದವಾದರೆ ಸೆಟ್, ಒಂದು ಒಡೆದರೆ "ಸೆಟ್ ಹೋಯ್ತು" ಎಂದು ಉಳಿದ ಐದಕ್ಕೂ ಬೆಲೆಯಿಲ್ಲ. ನಾಟಕದವರು ಹಲಗೆಯ ಅರಮನೆಗೆ ಸೆಟ್ ಎನ್ನುವರು. ಮಗನಿಗೆ ಕೆಲಸ ಸಿಕ್ಕರೆ ತಾಯಿ "ಲೈಫ್ ಸೆಟ್ ಆಯ್ತು" ಎಂದು ನಿಟ್ಟುಸಿರು ಬಿಡುವಳು, ಅದೇ ಮಗ ಓಡಿಬಂದು "ಆ ಸಾಹೇಬರಿಗೂ ನನಗೂ ಸೆಟ್ ಆಗಲ್ಲಮ್ಮ" ಎನ್ನುವನು. ಇವಕ್ಕೆಲ್ಲ ಪಕ್ಕದಲ್ಲಿ ಕೂರಿಸಲು ಸರಿಯಾದ ಜೋಡಿ ಹುಡುಕಬೇಕು. ಸಂಬಂಧ ಸೆಟ್ ಆದರೆ 'ಕುದುರಿತು'. ಚಪ್ಪಲಿಯಾದರೆ 'ಪಳಗಿತು'. ಮೊಸರಾದರೆ 'ಹೆಪ್ಪುಗಟ್ಟಿತು'. ಮೂಳೆಯಾದರೆ 'ಕೂಡಿಕೊಂಡಿತು'. ಇಬ್ಬರು ಸೇರಿ ಮೂರನೆಯವನಿಗೆ ಬಲೆ ಬೀಸಿದರೆ 'ಹೂಡಿದರು'. ಒಂದಕ್ಕೊಂದು ಅದಲುಬದಲಾದರೆ ಕೆಟ್ಟಿತು, ಮೂಳೆ ಕುದುರಿ ಸಂಬಂಧ ಹೆಪ್ಪುಗಟ್ಟುತ್ತದೆ.

ಆ ಕಚೇರಿಗೆ ಒಂದು ನಿಯಮವಿತ್ತು. ಯಾವ ಅರ್ಥವೇ ಆಗಲಿ, ಮೂರು ಬಾಯಿಂದ ಕೇಳಿ ಬಂದ ಹೊರತು ಪುಸ್ತಕಕ್ಕೆ ಹೋಗದು. ಒಂದು ಮನೆಯಲ್ಲಿ ಹತ್ತು ಜನ ಆಡಿದರೂ ಅದು ಒಂದೇ ಬಾಯಿ. ಕೇಳಿ ಹೇಳಿಸಬಾರದು, ತಾನಾಗಿ ಬಂದದ್ದನ್ನು ಮಾತ್ರ ಹಿಡಿಯಬೇಕು. "ಕೇಳಿ ಪಡೆದ ಮಾತು ಸತ್ತ ಮೀನು" ಎನ್ನುತ್ತಿದ್ದರು ಹಿರಿಯ ಸಂಪಾದಕರು. ಪ್ರತಿ ಬಾಯಿಗೂ ಒಂದು ಚೀಟಿ, ಅದರಲ್ಲಿ ಆಡಿದ ಮಾತು, ಆಡಿದವರ ಕಸುಬು, ಸ್ಥಳ, ದಿನ. ಅವರ ಹೆಸರು ಬೇಡ. ಚೀಟಿ ನಿಜವೋ ಸುಳ್ಳೋ ಎಂದು ಯಾರೂ ಪರೀಕ್ಷಿಸುತ್ತಿರಲಿಲ್ಲ. ಬರೆದವರ ಸಹಿಯೇ ಸಾಕ್ಷಿ.

ಕಿವಿಯಮ್ಮನ ಗಂಡ ಗಾರೆ ಕೆಲಸದವನು. ಮಾತು ಕಡಿಮೆ. ಮದುವೆಯಾದ ಹೊಸತರಲ್ಲಿ ಗಂಡಹೆಂಡಿರಿಗೆ ಜಗಳವಾದರೆ ಅವಳು ಅವನ ಸುತ್ತ ಗಾಣದ ಎತ್ತಿನ ಹಾಗೆ ತಿರುಗುವಳು, ಅವನು ಗೋಡೆಗೊರಗಿ ಕೈಗಂಟಿದ ಸಿಮೆಂಟು ಉಜ್ಜುತ್ತ ಕೂರುವನು.

"ಏನಾದರೂ ಹೇಳಿ ಅಂದ್ರೆ! ಗೋಡೆ ಹತ್ರ ಮಾತಾಡಿದ ಹಾಗಾಯ್ತಲ್ಲ ನನ್ನ ಬಾಳು."

"ಈಗ ಬೇಡ ಮಾರಾಯ್ತಿ. ಸೆಟ್ ಆಗ್ಲಿ."

"ಏನು ಸೆಟ್ ಆಗೋದು? ನಾನೇನು ಸಿಮೆಂಟಾ?"

"ಹಸಿ ಇದ್ದಾಗ ಮುಟ್ಟಿದ್ರೆ ಬೆರಳಿನ ಗುರುತು ಬೀಳುತ್ತೆ. ಆಮೇಲೆ ಎಷ್ಟು ಉಜ್ಜಿದ್ರೂ ಹೋಗಲ್ಲ."

ಮಾರನೆಯ ದಿನ ಮಾತಾಡಿದರೆ ಜಗಳ ಎಲ್ಲಿತ್ತೆಂದೇ ನೆನಪಾಗುತ್ತಿರಲಿಲ್ಲ. 'ಸೆಟ್' ಶಬ್ದ ಕೈಗೆ ಬಂದ ಮೊದಲ ವಾರವೇ ಅವಳು ಅದನ್ನು ಚೀಟಿಗೆ ಇಳಿಸಿದಳು. ಪಕ್ಕದಲ್ಲಿ ಇಡಲು 'ಆರಲಿ' ಎಂದು ಬರೆದು, ಹೊಡೆದು ಹಾಕಿದಳು. ಆರಿದ್ದು ತಣ್ಣಗಾಗುತ್ತದೆ ಅಷ್ಟೆ. ಇದು ಗಟ್ಟಿಯಾಗುತ್ತದೆ, ಆಮೇಲೆ ಭಾರ ಹೊರುತ್ತದೆ. ಸರಿಯಾದ ಜೋಡಿ ಅವಳಿಗೆ ಸಿಗಲೇ ಇಲ್ಲ.

ಮೂರು ವರ್ಷದ ಮೇಲೆ ಎರಡನೆಯ ಬಾಯಿ ಸಿಕ್ಕಿತು. ಕಂಬಿ ಕಟ್ಟುವವನೊಬ್ಬ ಗಂಡನನ್ನು ಹುಡುಕಿ ಮನೆಗೆ ಬಂದಿದ್ದ. ಅಣ್ಣನೊಡನೆ ಅವನಿಗೆ ಮನಸ್ತಾಪ. "ಈಗ ಹೋಗಲ್ಲ ಅತ್ತಿಗೆ. ಒಂದು ವಾರ ಸೆಟ್ ಆಗ್ಲಿ, ಆಮೇಲೆ ಅವನ ಬಾಗಿಲು ತಟ್ತೀನಿ" ಎಂದ. ಅವಳು ಅವನಿಗೆ ನೀರು ಕೊಡುವುದನ್ನೂ ಮರೆತು ಒಳಗೆ ಓಡಿ ಚೀಟಿ ಬರೆದಳು.

ಮೂರನೆಯದು ಸಿಗಲಿಲ್ಲ. ವರ್ಷಗಳು ಹೋದವು. ಗಾರೆಯವನ ಎದೆಯಲ್ಲಿ ಧೂಳು ತುಂಬಿತು, ಕೆಮ್ಮು ಬಂತು, ಕೆಮ್ಮಿನ ಹಿಂದೆ ಅವನೂ ಹೋದ. ಅವನು ಹೋದ ಮೂರನೆಯ ತಿಂಗಳಿಗೆ ಕಚೇರಿಯಲ್ಲಿ ಕೊನೆಯ ದಿನ ಗೊತ್ತಾಯಿತು. ಎಲ್ಲರೂ ತಮ್ಮ ತಮ್ಮ ಚೀಟಿಗಳನ್ನು ಒಪ್ಪಿಸಬೇಕು, ಮೂರು ತುಂಬದವು ತಿರಸ್ಕಾರ.

ಆ ಮಧ್ಯಾಹ್ನ ಉದ್ದಣ್ಣ ತನ್ನ ಮೇಜಿನಲ್ಲಿ ಬಹಳ ಹೊತ್ತು ಎರಡು ಚೀಟಿ ಹಿಡಿದು ಕೂತಿದ್ದ. ಅವನ ಶಬ್ದ 'ಪಾಸ್'. ಅವನ ಅಜ್ಜಿ ಜ್ವರ ಬಿಟ್ಟರೆ "ಪಾಸಾಯ್ತು" ಎನ್ನುತ್ತಿದ್ದಳಂತೆ, ಜ್ವರವೇ ಪರೀಕ್ಷೆ ಬರೆದು ಹೋದ ಹಾಗೆ. ಎರಡೇ ಬಾಯಿ. "ಹೋಗಲಿ ಅಕ್ಕ, ಅಜ್ಜಿ ನನ್ನೊಬ್ಬನಿಗೇ ಸಾಕು" ಎಂದು ಎದ್ದು ಹೋಗಿ ತಾನೇ ಕೈಯಾರೆ ತಿರಸ್ಕಾರಕ್ಕೆ ಹಾಕಿ ಬಂದ. ಆ ದಿನ ಅವನು ಕೆಮ್ಮಲಿಲ್ಲ.

ಕಿವಿಯಮ್ಮ ತಲೆ ಬಗ್ಗಿಸಿ ಬರೆಯುತ್ತಿದ್ದಳು. "ಮಾತು: ಈಗ ಏನೂ ಕೇಳಬೇಡ ಕಂದ, ಸೆಟ್ ಆಗ್ಲಿ. ಹಸಿ ಇದ್ದಾಗ ಮುಟ್ಟಬಾರದು. ಆಡಿದವರು: ತರಕಾರಿ ಮಾರುವ ಹೆಂಗಸು, ಅಳುತ್ತಿದ್ದ ಮಗಳಿಗೆ. ಸ್ಥಳ: ಬಸ್ ನಿಲ್ದಾಣ." ಹಿಂದಿನ ಮಂಗಳವಾರದ ದಿನ ಹಾಕಿ ಸಹಿ ಮಾಡಿದಳು. ಆ ಮಂಗಳವಾರ ಅವಳು ಮನೆ ಬಿಟ್ಟು ಹೊರಗೇ ಹೋಗಿರಲಿಲ್ಲ.

ಪುಸ್ತಕ ಬಂತು. ಹಿರಿಯ ಸಂಪಾದಕರು ಮುನ್ನುಡಿಯಲ್ಲಿ ಈ ಒಂದು ಅರ್ಥವನ್ನೇ ಎತ್ತಿ, ಬಸ್ ನಿಲ್ದಾಣದ ಚೀಟಿಯನ್ನು ಪೂರ್ತಿ ಉದಾಹರಿಸಿ, "ಒಬ್ಬ ಗಾರೆಯವನೂ ಒಬ್ಬ ತರಕಾರಿಯವಳೂ ಸೇರಿ ನಮಗೆ ಕೊಟ್ಟ ಅರ್ಥ" ಎಂದು ಬರೆದರು. ಕಿವಿಯಮ್ಮನ ಮಗಳು ಆ ಪುಟಕ್ಕೆ ರಿಬ್ಬನ್ ಇಟ್ಟಳು. ಬಂದವರಿಗೆಲ್ಲ ತೋರಿಸುವಳು. "ಗಾರೆಯವನು ಅಂತ ಇದೆಯಲ್ಲ, ನಮ್ಮಪ್ಪ."

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಈ ಸುಳ್ಳು ಕಾಲಿಲ್ಲದೆಯೇ ಹದಿನಾಲ್ಕು ವರ್ಷ ಕಪಾಟಿನಲ್ಲಿ ನೆಟ್ಟಗೆ ನಿಂತಿತ್ತು. ಅವಳಿಗೆ ಮಾತ್ರ ನಿಲ್ಲಲಾಗಲಿಲ್ಲ. ಕಚೇರಿ ಬಿಟ್ಟ ಮೇಲೂ ಬೆಳಿಗ್ಗೆ ಚೀಲ ಹಾಕಿಕೊಂಡು ಹೊರಟುಬಿಡುವಳು. ಆ ಒಂದು ಮಾತು ಇನ್ನೊಂದು ನಿಜವಾದ ಬಾಯಿಂದ ಬಿದ್ದರೆ ಸಾಕು, ತಡವಾಗಿಯಾದರೂ ಚೀಟಿ ನಿಜವಾಗುತ್ತದೆ ಎಂಬ ಆಸೆ. ಜಗಳವಾಗುವ ಜಾಗ ಹುಡುಕಿಕೊಂಡು ಹೋಗುವಳು. ನ್ಯಾಯಾಲಯದ ಮೆಟ್ಟಿಲು, ಪೊಲೀಸ್ ಠಾಣೆಯ ಬೆಂಚು, ಮದುವೆ ಮುರಿದವರು ಕೂರುವ ವಕೀಲರ ಕೋಣೆಯ ಹೊರಗೆ. ಜನ ಸಿಟ್ಟಲ್ಲಿ ಸಾವಿರ ಮಾತು ಆಡಿದರು, ಅದೊಂದನ್ನು ಆಡಲಿಲ್ಲ.

ಈ ವರ್ಷ ಎರಡು ಸುದ್ದಿ ಒಟ್ಟಿಗೆ ಬಂದವು. ಮನೆಯ ಮಾಲೀಕ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುತ್ತಾನಂತೆ, ತಿಂಗಳೊಳಗೆ ಖಾಲಿ ಮಾಡಿ ಅಂದ. ಮಗಳು ತನ್ನ ಮನೆಯಲ್ಲಿ ಒಂದು ಕೋಣೆ ಬಿಡಿಸಿದಳು. ಇನ್ನೊಂದು, ನಿಘಂಟು ಕಚೇರಿಯ ಈಗಿನ ಸಂಪಾದಕಿಯ ಪತ್ರ. ಪುಸ್ತಕ ಎರಡನೆಯ ಸಲ ಅಚ್ಚಾಗುತ್ತಿದೆ, ತಿಂಗಳ ಕೊನೆಯ ಶುಕ್ರವಾರ ಪುಟಗಳು ಪ್ರೆಸ್ಸಿಗೆ ಹೋಗುತ್ತವೆ. ಈ ಸಲ ಪ್ರತಿ ಅರ್ಥದ ಕೆಳಗೆ ಮೂರೂ ಚೀಟಿಗಳನ್ನು ಸ್ಥಳ, ದಿನ ಸಮೇತ ಹಾಗೆಯೇ ಅಚ್ಚು ಹಾಕುತ್ತಾರೆ. "ನಿಮ್ಮ 'ಸೆಟ್' ನಮಗೆಲ್ಲ ಮಾದರಿ" ಎಂದು ಕೊನೆಯಲ್ಲಿ ಬರೆದಿದ್ದಳು.

ಅಂದಿನಿಂದ ಕಿವಿಯಮ್ಮನ ಕಾಲು ಒಂದು ಕಡೆ ನಿಲ್ಲಲಿಲ್ಲ. ಪಾತ್ರೆ ಕಟ್ಟುವಳು, ಬಿಚ್ಚುವಳು. ಕುರ್ಚಿ ಕಿಟಕಿಯ ಬಳಿ ಎಳೆಯುವಳು, ಬಾಗಿಲ ಬಳಿ ಎಳೆಯುವಳು, ಎರಡು ಕಡೆಯೂ ಕೂರದೆ ಹೊರಗೆ ಹೋಗುವಳು. ಇನ್ನು ಇಪ್ಪತ್ತು ದಿನ, ಇನ್ನು ಹನ್ನೆರಡು ದಿನ. ಬೆಳಿಗ್ಗೆ ಒಂದು ದಿಕ್ಕು, ಮಧ್ಯಾಹ್ನ ಇನ್ನೊಂದು. ಇಸ್ತ್ರಿಯವನು ಕೂಗಿ ಕೇಳಿದ, "ಕಿವಿಯಮ್ಮೋರೇ, ಏನಾದ್ರೂ ಕಳ್ಕೊಂಡ್ರಾ?"

"ಒಂದು ಬಾಯಿ ಬೇಕಾಗಿತ್ತಪ್ಪ."

"ನಮ್ಮತ್ತೇದು ತಗೊಂಡು ಹೋಗಿ! ಪುಕ್ಕಟೆ!"

ಇನ್ನು ನಾಲ್ಕು ದಿನ ಇದೆ ಎನ್ನುವಾಗ ದೊಡ್ಡಾಸ್ಪತ್ರೆಯ ಕಾಯುವ ಹಜಾರದಲ್ಲಿ ಕೂತಿದ್ದಳು. ಯಾರನ್ನೋ ಕಳೆದುಕೊಂಡ ಮನೆಯವರು ಗೋಡೆಯ ಬದಿಗೆ ನಿಂತಿದ್ದರು. ತಮ್ಮನೊಬ್ಬ ಅಣ್ಣನ ಮೇಲೆ ಕೈಯೆತ್ತಿ, "ನೀನು ಮೊದಲೇ ಕರ್ಕೊಂಡು ಬಂದಿದ್ರೆ" ಎಂದು ಕಿರುಚಿದ. ಒಬ್ಬ ನರ್ಸು ಬಂದು ಇಬ್ಬರ ನಡುವೆ ನಿಂತಳು. ಗಟ್ಟಿಮುಟ್ಟಾದ ಹುಡುಗಿ. ಅವನ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ ಹೇಳಿದಳು, "ಈಗ ಯಾರೂ ಏನೂ ಅನ್ಬೇಡಿ ಅಣ್ಣ. ಸೆಟ್ ಆಗ್ಲಿ. ಹಸಿ ಇದ್ದಾಗ ಮುಟ್ಟಬಾರದು."

ಕಿವಿಯಮ್ಮನ ಕೈಯಿಂದ ಪೆನ್ಸಿಲು ಜಾರಿ ಬೆಂಚಿನಡಿ ಉರುಳಿತು. ಮೊಣಕಾಲೂರಿ ಹುಡುಕಿ, ಅಲ್ಲೇ ನೆಲದ ಮೇಲೆಯೇ ಬರೆದಳು. ಅಕ್ಷರಗಳು ಸೊಟ್ಟಗಾದವು. ಬರೆದಾದ ಮೇಲೆ ತಡೆಯಲಾಗಲಿಲ್ಲ. ಮೆಟ್ಟಿಲಿಳಿದು ಕ್ಯಾಂಟೀನಿಗೆ ಹೊರಟ ನರ್ಸಿನ ಹಿಂದೆ ಓಡಿದಳು.

"ಮಗೂ, ಒಂದು ನಿಮಿಷ. ಅಲ್ಲಿ ಒಂದು ಮಾತು ಅಂದ್ಯಲ್ಲ, ಸೆಟ್ ಆಗ್ಲಿ ಅಂತ. ನಿಮ್ಮನೇಲಿ ಹಾಗಂತಾರಾ? ನಿಮ್ಮಪ್ಪನಾ, ಅಮ್ಮನಾ?"

ನರ್ಸು ನಕ್ಕಳು. "ಅಯ್ಯೋ, ನಮ್ಮನೇಲಿ ಯಾರಮ್ಮ ಅಂತಾರೆ! ಶಾಲೇಲಿ ಕಲ್ತಿದ್ದು. ನಮ್ಮ ಟೀಚರು ದಿನಾ ಬೆಳಿಗ್ಗೆ ಒಂದು ದಪ್ಪ ಪುಸ್ತಕ ತೆಗೆದು ಒಂದು ಶಬ್ದ ಓದ್ತಿದ್ರು. ಅದರಲ್ಲಿತ್ತು, ತರಕಾರಿ ಮಾರೋಳು ಬಸ್ ಸ್ಟಾಂಡಲ್ಲಿ ಮಗಳಿಗೆ ಹೇಳಿದ್ದು." ಅವಳ ದನಿ ಇಳಿಯಿತು. "ನಮ್ಮಮ್ಮ ತೀರಿಕೊಂಡಾಗ ನಂಗೆ ಹದಿನಾರು. ಮನೇಲಿ ಎಲ್ಲಾರೂ ಒಬ್ಬರ ಮೇಲೊಬ್ಬರು ಬೀಳ್ತಿದ್ರು. ಆ ಹೆಂಗಸಿನ ಮಾತೇ ಹಿಡ್ಕೊಂಡು ಕೂತೆ. ಅವಳು ಯಾರೋ, ಎಲ್ಲಿದಾಳೋ. ಸಿಕ್ಕಿದ್ರೆ ಕಾಲು ಮುಟ್ತಿದ್ದೆ."

ಕಿವಿಯಮ್ಮ ಅವಳ ಮುಖವನ್ನೇ ನೋಡಿದಳು. "ಊಟ ಮಾಡು ಹೋಗು ಕಂದ, ತಡ ಆಯ್ತು" ಎಂದು ಬೆನ್ನು ಸವರಿ ತಿರುಗಿದಳು. ಮನೆಗೆ ಹೋಗುವ ಬಸ್ಸು ಹತ್ತದೆ, ಸಂಜೆಯ ತನಕ ಎತ್ತ ನಡೆದಳೋ ಅವಳಿಗೇ ಗೊತ್ತಿಲ್ಲ.

ಶುಕ್ರವಾರ ಬಂತು. ಮಗಳು ರಜೆ ಹಾಕಿ ಸಾಮಾನಿನ ವ್ಯಾನು ತಂದಿದ್ದಳು. ಮಂಚ ಬಿಚ್ಚಿ ಹೊರಗೆ ಹೋಯಿತು, ಗೋಡೆಯ ಮೇಲೆ ಕಪಾಟಿನ ಬೆಳ್ಳಗಿನ ಗುರುತು ಉಳಿಯಿತು. ಕಿವಿಯಮ್ಮ ಈ ಕೋಣೆಯಿಂದ ಆ ಕೋಣೆಗೆ, ಆ ಕೋಣೆಯಿಂದ ಈ ಕೋಣೆಗೆ ಹತ್ತು ಸಲ ನಡೆದು, ಕಡೆಗೆ ಖಾಲಿ ಅಡುಗೆಮನೆಯಲ್ಲಿ ನಿಂತು ಫೋನು ಮಾಡಿದಳು. ಸಂಪಾದಕಿಗೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು.

"ಅಮ್ಮಾ, ಎರಡು ಸಾವಿರ ಪುಟದಲ್ಲಿ ಒಂದು ಚೀಟಿ. ಈಗಂತೂ ಜನ ಆಡ್ತಿದಾರೆ ಅಂತ ನೀವೇ ಹೇಳ್ತಿದೀರಿ. ಆ ನರ್ಸು ಬಾಯಿ ಅಲ್ವಾ?"

"ಬಾಯೇನೋ ಹೌದು. ನನ್ನ ಕೈತುತ್ತು ತಿಂದ ಬಾಯಿ. ಲೆಕ್ಕಕ್ಕೆ ಬರಲ್ಲ."

"ಮೂರಿಲ್ಲ ಅಂದ್ರೆ ಅರ್ಥಾನೇ ಹೋಗುತ್ತೆ. ನಿಮ್ಮ ಯಜಮಾನರದ್ದೂ ಹೋಗುತ್ತೆ."

"ಗೊತ್ತು."

ಸಂಪಾದಕಿ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. "ನಿಯಮ ನಿಮಗೇ ಗೊತ್ತಿದೆ. ಬರೆದವರೇ ಬಂದು ಕಾರಣ ಬರೆದು ಸಹಿ ಮಾಡಬೇಕು. ಫೋನಲ್ಲಿ ಆಗಲ್ಲ. ಪುಟಗಳು ನಾಲ್ಕು ಗಂಟೆಗೆ ಪ್ರೆಸ್ಸಿಗೆ ಹೋಗ್ತವೆ. ಬರಲೇಬೇಕು ಅಂತ ನಾನಂತೂ ಹೇಳಲ್ಲ."

ತಿರುಗಿದರೆ ಬಾಗಿಲಲ್ಲಿ ಮಗಳು, ಕೈಯಲ್ಲಿ ಅರ್ಧ ಕಟ್ಟಿದ ಗಂಟು.

"ಆ ತರಕಾರಿಯವಳು ಇರಲೇ ಇಲ್ವಾ?"

"ಇರಲಿಲ್ಲ."

"ಹದಿನಾಲ್ಕು ವರ್ಷ ನನ್ನ ಹತ್ರಾನೂ ಹೇಳ್ಲಿಲ್ಲ. ಸರಿ. ಇನ್ನು ಯಾಕೆ ಹೇಳ್ತೀಯ? ಯಾರು ಕೇಳಿದ್ರು ನಿನ್ನ?" ಮಗಳ ದನಿ ಏರಿತು. "ಅಮ್ಮ, ಅಪ್ಪ ಕಟ್ಟಿದ ಮನೆಗಳೆಲ್ಲ ಬೇರೆಯವರ ಹೆಸರಲ್ಲಿವೆ. ಅಪ್ಪಂದು ಅಂತ ಲೋಕದಲ್ಲಿ ಇರೋದು ಆ ಪುಸ್ತಕದಲ್ಲಿ ಎರಡು ಸಾಲು. ಅದನ್ನೂ ನಿನ್ನ ಕೈಯಾರೆ ಅಳಿಸಿ ಬರ್ತೀಯಾ?"

"ಆ ಎರಡು ಸಾಲಲ್ಲಿ ಒಂದು ನಂದು ಕಣೇ. ಅವರದ್ದಕ್ಕೆ ನನ್ನದು ಊರುಗೋಲು. ನೀನು ಹುಟ್ಟಿದ ವರ್ಷ ಅವರು ಒಂದು ಗೋಡೆ ಕಟ್ಟಿದ್ರು, ಒಂದು ಬೆರಳು ವಾಲಿತ್ತು. ಮನೆಯವರೇ ಇರಲಿ ಬಿಡಿ, ಕಾಣಲ್ಲ ಅಂದ್ರು. ಇವರು ಮೂರು ದಿನದ ಕೆಲಸ ಕೆಡವಿ ಹಾಕಿ ಮನೆಗೆ ಬಂದ್ರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅಂಥವರ ಹೆಸರಿಗೆ ನಾನು ವಾಲಿದ ಗೋಡೆ ಕೊಟ್ಟು ಕೂತಿದೀನಿ."

"ಆ ನರ್ಸು? ಅವಳಿಗೇನು ಹೇಳ್ತೀಯ?"

ನಲ್ಲಿ ತೊಟಿಕ್ಕುತ್ತಿತ್ತು, ಕಿವಿಯಮ್ಮ ಬಿಗಿ ಮಾಡಿದಳು. ಮತ್ತೆ ತೊಟಿಕ್ಕಿತು. "ಅವಳ ಮಾತು ಅವಳ ಹತ್ರ ಇರುತ್ತೆ. ಪುಸ್ತಕದಿಂದ ತೆಗೀಬಹುದು, ಅವಳಿಂದ ತೆಗೆಯೋಕೆ ನಾನ್ಯಾರು" ಎಂದಳು. ಹೇಳುವಾಗ ಅದನ್ನು ತಾನೇ ಪೂರ್ತಿ ನಂಬಿದಂತೆ ಕಾಣಲಿಲ್ಲ.

ಹೊರಗಿನಿಂದ ವ್ಯಾನಿನವನು ಹಾರ್ನ್ ಹೊಡೆದ. "ಅಮ್ಮೋರೇ, ಎಲ್ಲಾ ತುಂಬಿ ಆಯ್ತು! ಮುಂದಿನ ಸೀಟು ನಿಮಗೇ ಬಿಟ್ಟಿದೀನಿ!"

ಮೂರೂಕಾಲು. ಕಿವಿಯಮ್ಮ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿದಳು, ಚಪ್ಪಲಿಗೆ ಕಾಲು ತೂರಿಸಿದಳು.

"ನಾನು ಬರಲ್ಲ ನಿನ್ನ ಜೊತೆ" ಎಂದಳು ಮಗಳು, ಬೆನ್ನು ತಿರುಗಿಸಿ, ಗಂಟನ್ನು ಬಿಗಿಯುತ್ತ.

"ಬೇಡ. ನೀನು ಸಾಮಾನು ಇಳಿಸ್ಕೋ. ಗಾಜಿನ ಡಬ್ಬಿ ಹುಷಾರು."

"ಅಮ್ಮ." ಮಗಳು ತಿರುಗಲಿಲ್ಲ. "ಆಟೋ ಹಿಡಿ. ದಾರೀಲಿ ಯಾರದೋ ಮಾತು ಕೇಳ್ಕೊಂಡು ಎಲ್ಲೆಲ್ಲೋ ಹೋಗ್ಬೇಡ. ನಾಲ್ಕಕ್ಕೆ ಮುಚ್ಚುತ್ತೆ ಅದು."

ಕಿವಿಯಮ್ಮ ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊಸ್ತಿಲು ದಾಟಿದಳು. ವ್ಯಾನಿನವನು ಮುಂದಿನ ಬಾಗಿಲು ತೆರೆದು ಹಿಡಿದು ನಿಂತಿದ್ದ. ಅವನನ್ನು ದಾಟಿ ಎಡಕ್ಕೆ ತಿರುಗಿ, ದೊಡ್ಡ ರಸ್ತೆಯ ಕಡೆಗೆ ಸರಸರನೆ ಹೆಜ್ಜೆ ಹಾಕುತ್ತ, ಬರುತ್ತಿದ್ದ ಆಟೋಗೆ ದೂರದಿಂದಲೇ ಕೈ ಎತ್ತಿದಳು.